ಬಾಣಂತಿ ಬಾಯಾರಿಕೆ

ಸಬ್ಬಸಿಗೆ ಸೊಪ್ಪನ್ನು ನಾನು ಕೈಯಲ್ಲಿ ಮುಟ್ಟಿ ಹನ್ನೆರಡು ವರ್ಷವಾಗಿತ್ತು. ನಮ್ಮ ಯಜಮಾನರಿಗೆ ಸಬ್ಬಸಿಗೆ ಹಾಕಿದ ಅಕ್ಕಿರೊಟ್ಟಿ ಅಂದರೆ ಪ್ರಾಣ. ಬೇಕಾದರೆ ನಿಮ್ಮ ಅಕ್ಕನ ಮನೆಗೆ ಹೋಗಿ ತಿಂದು ಬನ್ನಿ, ನನ್ನ ಒಲೆಯ ಮೇಲೆ ಮಾತ್ರ ಅದು ಬೇಡ ಅಂದಿದ್ದೆ. ಹೋದ ವಾರ ಆ ವ್ರತ ಮುರಿಯಿತು. ತವರೂರು ಹೆಡತಲೆಯಿಂದ ಅವ್ವ ಫೋನು ಮಾಡಿ, "ಬತ್ತಾ ನರಸೀಪುರದ ಮಾರ್ಕೆಟ್ನಲ್ಲಿ ನಾಕು ಕಟ್ಟು ಸಬ್ಬಸ್ಗೆ ಸೊಪ್ಪು ಇಡ್ಕಂಡು ಬಾ ಕನವ್ವ. ಚಂದ್ರಿಗೆ ಆಲು ಸಾಲ್ತಾ ಇಲ್ಲ" ಅಂದಳು.

ಚಂದ್ರಿ ನನ್ನ ತಂಗಿ, ನನಗಿಂತ ಹನ್ನೊಂದು ವರ್ಷಕ್ಕೆ ಚಿಕ್ಕವಳು. ಮೊದಲ ಹೆರಿಗೆ. ತವರಿನಲ್ಲಿ ಬಾಣಂತನ ನಡೆಯುತ್ತಿದೆ. ಸೊಪ್ಪನ್ನು ತೊಡೆಯ ಮೇಲಿಟ್ಟುಕೊಂಡು ನಂಜನಗೂಡಿನ ಬಸ್ಸು ಹತ್ತಿದೆ. ಬಿಸಿಲಿಗೆ ಅದು ಬಾಡುತ್ತಾ ಬಾಡುತ್ತಾ ವಾಸನೆ ಬಿಡತೊಡಗಿತು. ಪಕ್ಕದಲ್ಲಿ ಕೂತಿದ್ದ ಹೆಂಗಸು ಮೂಗೆಳೆದು, "ಮನೇಲಿ ಬಾಣ್ತಿ ಅವ್ಳಾ?" ಎಂದು ಕೇಳಿದಳು. ಹೌದು ಅಂದೆ. "ಬಾಳ ಒಳ್ಳೇದು ಕನ್ರವ್ವ. ಮೆಂತ್ಯಾನೂ ಕೊಡಿ. ನೀರ್ಗೀರು ಕೊಟ್ಟೀರಿ ಮತ್ತೆ" ಅಂದಳು. ನಾನು ಕಿಟಕಿಯ ಕಡೆ ತಿರುಗಿ ಕೂತೆ. ಅವಳ ಮೇಲೆ ಸಿಟ್ಟು ಮಾಡಿಕೊಂಡು ಏನು ಪ್ರಯೋಜನ, ಪಾಪ, ಅವಳಿಗೂ ಯಾರೋ ಹೇಳಿಕೊಟ್ಟದ್ದೇ ಅದು.

ಹನ್ನೆರಡು ವರ್ಷದ ಹಿಂದೆ, ಯುಗಾದಿ ಕಳೆದು ಎಂಟು ದಿನಕ್ಕೆ ನನಗೆ ಹೆರಿಗೆಯಾಯಿತು. ನಂಜನಗೂಡಿನ ಒಂದು ನರ್ಸಿಂಗ್ ಹೋಮಿನಲ್ಲಿ ಸಿಸೇರಿಯನ್. ಹೆಣ್ಣು ಮಗು. ಹೊಲಿಗೆಯ ನೋವಿನಲ್ಲಿ ಎದ್ದು ಕೂರಲಾಗದೆ ಮೊದಲ ಎರಡು ದಿನ ಮಗುವಿಗೆ ಪೌಡರ್ ಹಾಲನ್ನೇ ಕುಡಿಸಿದ್ದರು. ಬಿಡುಗಡೆಯ ದಿನ ಅಲ್ಲಿಯ ನರ್ಸ್ ಒಬ್ಬಳು, "ಎರಡೆರಡು ಗಂಟೆಗೆ ಎದೆಗೆ ಹಾಕ್ಕೊಳ್ಳಿ ಅಕ್ಕ. ಅದು ಚೀಪಿದಷ್ಟೂ ಹಾಲು ಬರುತ್ತೆ" ಅಂದಳು. ಇಡೀ ಬಾಣಂತನದಲ್ಲಿ ನನಗೆ ಸಿಕ್ಕ ಸರಿಯಾದ ಮದ್ದು ಅದೊಂದೇ. ಪುಕ್ಕಟೆ ಸಿಕ್ಕಿದ್ದಕ್ಕೋ ಏನೋ, ಮನೆಯಲ್ಲಿ ಅದಕ್ಕೆ ಮೂರು ಕಾಸಿನ ಬೆಲೆ ಬರಲಿಲ್ಲ. "ಬಾಣ್ತಿ ಮಲಿಕ್ಕಳ್ಳಿ, ಮೈಯಿ ಅಸೀದು" ಎಂದು ಅವ್ವ ಮಗುವನ್ನು ತನ್ನ ಪಕ್ಕದಲ್ಲಿ ಮಲಗಿಸಿಕೊಂಡಳು. ಅತ್ತಾಗ ಒಂದು ಒಳಲೆ ಪೌಡರ್ ಹಾಲು. ನನ್ನ ಹತ್ತಿರ ಬರುವ ಹೊತ್ತಿಗೆ ಕೂಸಿಗೆ ಅರ್ಧ ಹೊಟ್ಟೆ ತುಂಬಿ ನಿದ್ದೆ.

ನನ್ನನ್ನು ಹಾಕಿದ್ದು ಹಿಂದಿನ ಕೋಣೆಗೆ. ಅದರ ಗೋಡೆಯಾಚೆ ಕೊಟ್ಟಿಗೆ. ನಮ್ಮದು ಹಾಲಿನ ಮನೆ. ಆಗ ನಾಲ್ಕು ಸೀಮೆ ಹಸುಗಳಿದ್ದವು, ಬೆಳಗ್ಗೆ ಸಂಜೆ ಎರಡು ಕ್ಯಾನು ಹಾಲು ಡೈರಿಗೆ ಹೋಗುತ್ತಿತ್ತು. ಕೋಣೆಯ ಕಿಟಕಿಗೆ ಗೋಣಿಚೀಲ ಹೊಡೆದಿದ್ದರು. ಮಂಚದ ಕೆಳಗೆ ಕೆಂಡದ ಬಾಂಡ್ಲಿ, ಸಾಂಬ್ರಾಣಿ ಹೊಗೆ. ನನ್ನ ಮೈಗೆ ಸ್ವೆಟರ್, ತಲೆಗೆ ಸ್ಕಾರ್ಫು, ಕಿವಿಗೆ ಹತ್ತಿ, ಕಾಲಿಗೆ ಸಾಕ್ಸು. ಹೊರಗೆ ಏಪ್ರಿಲ್ ಬಿಸಿಲು. ಆ ಭಾಗದ ಏಪ್ರಿಲ್ ಹೇಗಿರುತ್ತದೆ ಅಂತ ಅಲ್ಲಿಯವರಿಗೆ ಹೇಳಬೇಕಾಗಿಲ್ಲ, ನಾಯಿಗಳೂ ಚರಂಡಿ ಹುಡುಕಿಕೊಂಡು ಮಲಗುತ್ತವೆ.

ಬೆಳಗ್ಗೆ ಎದ್ದರೆ ಮೆಂತ್ಯದ ಗಂಜಿ. ಹತ್ತು ಗಂಟೆಗೆ ತುಪ್ಪದಲ್ಲಿ ಹುರಿದ ಬೆಳ್ಳುಳ್ಳಿ, ಒಂದು ಗೆಡ್ಡೆ ಪೂರ್ತಿ. ಮಧ್ಯಾಹ್ನ ಬಿಸಿ ಅನ್ನ, ಮೆಣಸಿನ ಸಾರು, ಸಬ್ಬಸಿಗೆ ಸೊಪ್ಪಿನ ಪಲ್ಯ. ರಾತ್ರಿಯೂ ಸಬ್ಬಸಿಗೆ. ಬೆವರಿದರೆ ಸಬ್ಬಸಿಗೆ, ತೇಗಿದರೆ ಮೆಂತ್ಯ, ಮಗುವಿನ ಬಟ್ಟೆಗೂ ಅದೇ ವಾಸನೆ. ಇದರ ಜೊತೆಗೆ ಅಪ್ಪ ಬೇಲಿಯಿಂದ ಅಗೆದು ತಂದ ಬೇರು. ನಮ್ಮ ಕಡೆ ಅದಕ್ಕೆ ಹಲವು ಮಕ್ಕಳ ತಾಯಿ ಬೇರು ಅನ್ನುತ್ತಾರೆ. ಒಂದು ಬುಡ ಕಿತ್ತರೆ ಬೆರಳಿನಂಥ ಬೇರುಗಳು ಹತ್ತಾರು ಬರುತ್ತವೆ, ಅದಕ್ಕೆ ಆ ಹೆಸರು. ಅಪ್ಪ ಅದನ್ನು ತಂದದ್ದು ಹಸುವಿಗೆ, ಕರು ಹಾಕಿದ ಹಸುವಿಗೆ ಜಜ್ಜಿ ಹಿಂಡಿಯ ಜೊತೆ ಇಟ್ಟರೆ ಹಾಲು ಇಳಿಯುತ್ತದೆ ಅಂತ. ಅದರಲ್ಲಿ ಒಂದು ಹಿಡಿ ಅವ್ವ ಎತ್ತಿಟ್ಟುಕೊಂಡು ಅರೆದು ಹಾಲಿನಲ್ಲಿ ಕದಡಿ ನನಗೆ ಕುಡಿಸುತ್ತಿದ್ದಳು. ಗೋಡೆಯ ಆಚೆ ಹಸುವಿಗೆ, ಈಚೆ ನನಗೆ, ಒಂದೇ ಬೇರು.

ಆದರೆ ನೀರು ಮಾತ್ರ ಒಂದೇ ಆಗಿರಲಿಲ್ಲ. ಊಟದ ಜೊತೆ ಒಂದು ಸಣ್ಣ ಲೋಟ, ಅದೂ ಜೀರಿಗೆ ಹಾಕಿ ಕುದಿಸಿ ಆರಿಸಿದ್ದು. ಅದು ಮುಗಿದರೆ ಮತ್ತೆ ಮುಂದಿನ ಊಟಕ್ಕೇ. ಬಾಣಂತಿ ನೀರು ಕುಡಿದರೆ ಹೊಟ್ಟೆ ದಪ್ಪ ಬರುತ್ತದೆ, ಹೊಲಿಗೆ ನೀರು ತುಂಬಿಕೊಳ್ಳುತ್ತದೆ, ಮೈಗೆ ಶೀತ ಏರುತ್ತದೆ, ಶೀತ ತಲೆಗೆ ಹತ್ತಿದರೆ ಸನ್ನಿ. ಬಾಣಂತಿ ಸನ್ನಿ ಅಂದರೆ ಬುದ್ಧಿ ಕೆಡುವುದು. ಇಷ್ಟೂ ಅವ್ವನಿಗೆ ಬಾಯಿಪಾಠ. ಗೋಡೆಯಾಚೆ ಅಪ್ಪ ದಿನಾ ಹೇಳುವುದು ನನಗೆ ಕೇಳಿಸುತ್ತಿತ್ತು. "ಇಂಡಿ ಒಂದೊತ್ತು ತಪ್ಪುದ್ರೂ ತಪ್ಪಲಿ, ಅಸೂಗೆ ನೀರು ತಪ್ಪುಸ್ಬ್ಯಾಡಿ ಕನ್ರೋ. ನೀರು ತಪ್ತು ಅಂದ್ರೆ ಆಲು ತಪ್ತು ಅಂತ್ಲೇ." ಹಸುಗಳು ತೊಟ್ಟಿಗೆ ಬಾಯಿಟ್ಟು ಸೊರ್ ಎಂದು ಎಳೆಯುವ ಸದ್ದು ಕೇಳುತ್ತಾ ನಾನು ನಾಲಿಗೆ ಒಣಗಿಸಿಕೊಂಡು ಮಲಗಿರುತ್ತಿದ್ದೆ. ವಿಷ ಕುಡಿದ ನಂಜುಂಡಪ್ಪನಿಗೆ ನಂಜನಗೂಡಿನ ಗುಡಿಯಲ್ಲಿ ದಿನವೂ ಕೊಡಗಟ್ಟಲೆ ನೀರಿನ ಅಭಿಷೇಕ. ನಾನು ಏನು ಕುಡಿದಿದ್ದೆ?

ಒಂದು ದಿನ ಕೇಳಿಯೇಬಿಟ್ಟೆ. "ಅವ್ವ, ಅಸೂಗೆ ನೀರು ಬೇಕು ಅಂದ್ರೆ ನಂಗೂ ಬೇಕಲ್ವಾ?"

ಅವ್ವನ ಮುಖ ಬಿಳುಚಿಕೊಂಡಿತು. "ನಿಮ್ಮ ಚಿಕ್ಕವ್ವ ನಾಗಿ ಎಂಗೆ ಸತ್ಲು ಗೊತ್ತೇನವ್ವ ನಿಂಗೆ? ಎತ್ತು ಒಂಬತ್ ದಿನ. ನೀರು ನೀರು ಅಂದ್ಲು, ನಾನೇ ಕನಾ, ಪಾಪ ಅಂತ ಒಂದು ಚೊಂಬು ಕೊಟ್ಟೆ. ಗಟಗಟ ಕುಡುದ್ಲು. ಸಂದ್ಗೆ ಮೈ ಕೆಂಡ. ಏನೇನೋ ಮಾತಾಡಕ್ಕೆ ಸುರು ಅಚ್ಕಂಡ್ಲು. ಮೂರ್ನೇ ದಿನ ಓಗ್ಬುಟ್ಲು. ಈ ಕೈಯಲ್ಲೇ ಕೊಟ್ಟಿದ್ದು ನಾನು." ಅವ್ವ ತನ್ನ ಬಲಗೈಯನ್ನು ನನ್ನ ಮುಂದೆ ಹಿಡಿದಳು. ಆ ಕೈಯನ್ನು ನೋಡಿದ ಮೇಲೆ ನಾನು ಮತ್ತೆ ನೀರು ಕೇಳಲಿಲ್ಲ.

ಈಗ ನನಗೆ ಹೊಳೆಯುವುದು ಬೇರೆ. ಚಿಕ್ಕವ್ವನಿಗೆ ಹೆರಿಗೆಯ ನಂಜಿನಿಂದ ಜ್ವರ ಮೊದಲೇ ಒಳಗೆ ಏರುತ್ತಿದ್ದಿರಬೇಕು. ಜ್ವರಕ್ಕೇ ಬಾಯಾರಿ ಅವಳು ನೀರು ಕೇಳಿದಳು. ನೀರು ಕುಡಿದದ್ದಕ್ಕೆ ಜ್ವರ ಬಂತು ಅಂತ ಅವ್ವ ತಿಳಿದುಕೊಂಡಳು. ಹಿಂದಿನದನ್ನು ಮುಂದೆ, ಮುಂದಿನದನ್ನು ಹಿಂದೆ ಇಟ್ಟುಕೊಂಡು, ತಂಗಿಯನ್ನು ಕೊಂದವಳು ನಾನೇ ಎಂದು ಮೂವತ್ತು ವರ್ಷ ಒಳಗೇ ಕೊರಗಿದವಳು ತನ್ನ ಮಗಳಿಗೆ ನೀರು ಕೊಟ್ಟಾಳೆಯೇ? ಇದು ಈಗ ತಿಳಿದದ್ದು. ಆಗ ನಾನು ಡಿ.ಎಡ್. ಓದಿದ್ದೆ, ನೀರಿನ ಮಹತ್ವ ಎಂಬ ಪಾಠವನ್ನು ಐದನೇ ಕ್ಲಾಸಿಗೆ ಮಾಡಿದ್ದೆ, ಅವ್ವನ ಮುಂದೆ ಮಾತ್ರ ಬಾಯಿ ಸತ್ತವಳಾಗಿದ್ದೆ.

ಹದಿನೈದನೇ ದಿನಕ್ಕೆ ಮಗುವನ್ನು ತೂಗಿಸಿದಾಗ ತೂಕ ಹುಟ್ಟಿದಾಗ ಇದ್ದಷ್ಟೇ ಇತ್ತು. ಆ ವಾರ ನರಸೀಪುರದಿಂದ ನಮ್ಮತ್ತೆ ನೋಡಲು ಬಂದರು. ತೊಡೆಯ ಮೇಲೆ ಕೂಸನ್ನು ಹಾಕಿಕೊಂಡು ಅದರ ಕಾಲು ಹಿಡಿದು, "ಏನ್ರೀ ಬೀಗಿತಿ, ಆಲಿನ್ ಮನೆ ಉಡುಗಿ ಅಂತ ತಂದ್ಕಂಡ್ವಿ. ಇರೋ ಆಲೆಲ್ಲ ಡೈರಿಗೆ ಆಕ್ಬುಟ್ರಾ ಎಂಗೆ?" ಅಂದರು. ಹೇಳಿ ನಕ್ಕರು. ಅವ್ವನೂ ನಕ್ಕಳು, ನಗದೆ ಗತ್ಯಂತರವಿಲ್ಲ, ಬೀಗರು. ನಾನು ಗೋಡೆಯ ಕಡೆ ತಿರುಗಿ ಮಲಗಿದೆ. ಡೈರಿಯಲ್ಲಿ ಹಾಲಿಗೆ ಡಿಗ್ರಿ ಕಡ್ಡಿ ಹಾಕಿ ಅಳೆದು, ನೀರು ಬೆರೆಸಿದವರ ಹಾಲನ್ನು ಎಲ್ಲರೆದುರು ವಾಪಸ್ಸು ಕೊಡುತ್ತಾರೆ. ಅವತ್ತು ನನ್ನನ್ನು ಹಾಗೆ ವಾಪಸ್ಸು ಕೊಟ್ಟಂತಾಯಿತು.

ಮಾತ್ರೆ ಬಂದದ್ದು ಅದರ ಮಾರನೆಯ ದಿನ. ನಮ್ಮ ಯಜಮಾನರು ಒಂದು ಮೆಡಿಕಲ್ ಸ್ಟೋರಿನಲ್ಲಿ ನಾಚಿಕೆ ಬಿಟ್ಟು ಕೇಳಿದರಂತೆ. ಅಂಗಡಿಯವನು, "ಇದು ವಾಂತಿ ಮಾತ್ರೆ ಸಾ, ಆದ್ರೆ ಹಾಲಿಗೂ ಆಯ್ತದೆ. ಎಲ್ಲಾ ಇದ್ನೇ ತಗಂಡೋಗದು. ಮೂರು ಹೊತ್ತು ಕೊಡಿ" ಅಂದನಂತೆ. ಚೀಟಿ ಇಲ್ಲ, ಡಾಕ್ಟರಿಲ್ಲ, ಎಷ್ಟು ದಿನ ಎಂಬ ಮಾತೂ ಇಲ್ಲ. ಅವರನ್ನೂ ಬೈಯಲಾರೆ. ಹೆಂಡತಿಗೆ ಹಾಲಿಲ್ಲ ಅಂತ ಅವರಮ್ಮ ಊರಿಗೆಲ್ಲ ಹೇಳುವ ಮುಂಚೆ ಏನಾದರೂ ಮಾಡಬೇಕು ಅಂತ ಅವರಿಗಿತ್ತು.

ನಾಲ್ಕನೇ ದಿನ ಮಧ್ಯಾಹ್ನ ರವಿಕೆ ಒದ್ದೆಯಾಯಿತು. ಬೆವರು ಅಂದುಕೊಂಡೆ. ಬೆವರಲ್ಲ. ಮಗುವನ್ನು ಎದೆಗೆ ಹಾಕಿಕೊಂಡರೆ ಅದು ಗುಟುಕ್ ಗುಟುಕ್ ಎಂದು ನುಂಗುವ ಸದ್ದು. ಬಾಯಿಯ ಅಂಚಿನಿಂದ ಹಾಲು ಇಳಿದು ನನ್ನ ತೋಳು ತೊಯ್ಯಿತು. ಅಂಥ ಸುಖ ನನಗೆ ಹಿಂದೆಯೂ ಇರಲಿಲ್ಲ, ಮುಂದೆಯೂ ಆಗಲಿಲ್ಲ, ಹೇಳಿಕೊಳ್ಳಲು ನಾಚಿಕೆ ಏನಿಲ್ಲ. ಅವ್ವ ದೇವರ ಮುಂದೆ ತುಪ್ಪದ ದೀಪ ಹಚ್ಚಿದಳು. ಒಂಬತ್ತನೇ ಕ್ಲಾಸು ಮುಗಿಸಿ ರಜೆಯಲ್ಲಿ ಟ್ಯೂಷನ್ನಿಗೆ ಹೋಗುತ್ತಿದ್ದ ಚಂದ್ರಿ ಮನೆಗೆ ಬಂದವಳೇ, "ಅಕ್ಕಾ, ಪಾಪುಗೆ ಕೆನ್ನೆ ಬಂದದೆ ಕಣೇ" ಎಂದು ಕುಣಿದಳು. ಹಾಲು ಬಂತಲ್ಲ ಅಂತ ಅವ್ವ ಮಾತ್ರೆಯನ್ನು ಒಂದರ ಬದಲು ಎರಡು ಮಾಡಿದಳು. ಹಸುವಿಗೆ ಹಿಂಡಿ ಹೆಚ್ಚಿಸಿದ ಹಾಗೆ.

ಅದರ ಜೊತೆಜೊತೆಗೆ ಇನ್ನೊಂದೂ ಶುರುವಾಯಿತು. ಕೂತರೆ ಕೂರಲಾಗುತ್ತಿರಲಿಲ್ಲ. ಕಾಲಿನ ಮೂಳೆಯೊಳಗೆ ಇರುವೆ ಬಿಟ್ಟಂತೆ. ಎದ್ದು ನಡೆದರೆ ಸ್ವಲ್ಪ ವಾಸಿ, ನಿಂತರೆ ಮತ್ತೆ ಅದೇ. ಮಗು ಹಾಲು ಕುಡಿಯುವಾಗಲೂ ನನ್ನ ಕಾಲು ತನ್ನಷ್ಟಕ್ಕೆ ತಾನು ಕುಣಿಯುತ್ತಿತ್ತು. ಸುಮ್ಮಸುಮ್ಮನೆ ಅಳು. ಈ ಕೂಸನ್ನು ಸಾಕಲು ನನ್ನ ಕೈಲಾಗುವುದಿಲ್ಲ, ಯಾರಿಗಾದರೂ ಕೊಟ್ಟುಬಿಡಿ ಅನ್ನಿಸುತ್ತಿತ್ತು. ಅನ್ನಿಸಿದ್ದಕ್ಕೆ ಮತ್ತೆ ಅಳು. ಆರಡಿ ಕೋಣೆಯಲ್ಲಿ ಸ್ವೆಟರು ಹಾಕಿಕೊಂಡು ಗೋಡೆಯಿಂದ ಗೋಡೆಗೆ ನಡೆಯುತ್ತಿದ್ದೆ. ಅವ್ವ ಬಾಗಿಲ ಸಂದಿಯಿಂದ ನೋಡಿ ನೋಡಿ ಹೋಗುತ್ತಿದ್ದಳು. ಏನು ಹುಡುಕುತ್ತಿದ್ದಾಳೆ ಎಂಬುದು ನನಗೆ ಗೊತ್ತಿತ್ತು.

ಮಾತ್ರೆ ಶುರುಮಾಡಿ ಹನ್ನೊಂದನೇ ದಿನ. ಸಂಜೆ ನಾಲ್ಕು ಗಂಟೆ. ಅವ್ವ ಹಾಲಿನ ಕ್ಯಾನು ಹೊತ್ತು ಡೈರಿಗೆ ಹೋಗಿದ್ದಳು. ಅಪ್ಪ ಗದ್ದೆಯಲ್ಲಿದ್ದ. ಮಗು ನಡುಮನೆಯಲ್ಲಿ ಮಲಗಿತ್ತು. ಅಡುಗೆಮನೆಯ ಬಾಗಿಲಿಗೆ ಅವ್ವ ಬೀಗ ಹಾಕಿ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗಿದ್ದಳು, ಬಾಣಂತಿ ನೀರಿನ ಕೊಡಕ್ಕೆ ಕೈ ಹಾಕದಿರಲಿ ಅಂತ. ನಾನು ಹಿತ್ತಲ ಬಾಗಿಲು ತೆಗೆದು ಕೊಟ್ಟಿಗೆಗೆ ನಡೆದೆ. ತೊಟ್ಟಿ ತುಂಬಿತ್ತು. ಆಗತಾನೆ ಬೋರ್‌ವೆಲ್ ನೀರು ಬಿಟ್ಟಿದ್ದರು. ಒಂದು ಹಸು ಕುಡಿಯುತ್ತಿತ್ತು. ನಾನು ಅದರ ಪಕ್ಕದಲ್ಲಿ ಮಂಡಿಯೂರಿ, ಮೊದಲು ಬೊಗಸೆಯಲ್ಲಿ ಕುಡಿದೆ. ಬೊಗಸೆ ಸಾಲಲಿಲ್ಲ. ತೊಟ್ಟಿಗೇ ಬಾಯಿಟ್ಟೆ. ಹಸು ಒಮ್ಮೆ ತಲೆಯೆತ್ತಿ ನನ್ನನ್ನು ನೋಡಿ ಮತ್ತೆ ಕುಡಿಯಿತು. ಆ ಮನೆಯಲ್ಲಿ ಆ ವರ್ಷ ನನಗೆ ಜಾಗ ಬಿಟ್ಟುಕೊಟ್ಟದ್ದು ಅದೊಂದೇ.

ತಲೆಯೆತ್ತಿದಾಗ ಚಂದ್ರಿ ಸ್ಕೂಲ್ ಬ್ಯಾಗು ಹೆಗಲಿಗೆ ಹಾಕಿಕೊಂಡು ನಿಂತಿದ್ದಳು. ಸ್ಕಾರ್ಫು, ಸ್ವೆಟರು, ಮೂಗಿನಿಂದ ನೀರು ತೊಟ್ಟಿಕ್ಕುತ್ತಿರುವ ಅಕ್ಕ. ಅವಳು ಬೀದಿಗೆ ಓಡಿದಳು. ಅವಳ ಕೂಗು ನನಗೆ ಕೇಳಿಸಿತು. "ಅವ್ವಾ, ಅಕ್ಕ ಅಸ ತೊಟ್ಟೀಲಿ ಬಾಯಾಕಿ ನೀರು ಕುಡೀತಾ ಅವ್ಳೆ!"

ಅವ್ವ ಖಾಲಿ ಕ್ಯಾನು ಬೀದಿಯಲ್ಲೇ ಬಿಟ್ಟು ಬಂದಳು. "ಅಯ್ಯೋ ಸಿವ್ನೇ, ಎಷ್ಟು ಕುಡುದ್ಯೇ? ಕಕ್ಕು, ಕಕ್ಕು" ಎಂದು ನನ್ನ ಬೆನ್ನು ಗುದ್ದಿದಳು. ನಾನು ಕೂಗಾಡಿದೆ. "ಅಸೂಗಿರೋ ಬೆಲೆ ನಂಗಿಲ್ವಾ ಈ ಮನೇಲಿ? ನನ್ನೂ ಕೊಟ್ಗೇಲೇ ಕಟ್ಟಾಕು. ನೀರಾದ್ರೂ ಸಿಕ್ತದೆ." ಕಾಲು ನಿಲ್ಲಲಿಲ್ಲ, ಅಂಗಳದಲ್ಲಿ ಸುತ್ತು ಹೊಡೆಯುತ್ತಲೇ ಕೂಗಿದೆ. ನಡುವೆ ನಗುವೂ ಬಂತು. ಆ ನಗು ಬರಬಾರದಿತ್ತು. ಬೇಲಿಯಾಚೆ ನಾಲ್ಕು ಹೆಂಗಸರು ಸೇರಿದ್ದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ನೀರು ಕುಡಿದಳು, ಕೂಗಿದಳು, ನಕ್ಕಳು. ಸನ್ನಿ ಎಂದು ತೀರ್ಮಾನವಾಗಲು ಇನ್ನೇನು ಬೇಕು? ದೀಪ ಹಚ್ಚುವ ಹೊತ್ತಿಗೆ ಸುದ್ದಿ ನರಸೀಪುರಕ್ಕೂ ಮುಟ್ಟಿತ್ತು.

ಮಾರನೆಯ ದಿನ ಅತ್ತೆ ಬಂದು, ಸನ್ನಿ ಬಂದವಳ ಹಾಲು ಮಗುವಿಗೆ ಆಗದು, ನಂಜು ಅಂದರು. ಅವ್ವ ಎದುರು ಮಾತಾಡಲಿಲ್ಲ. ತಪ್ಪು ತನ್ನ ಮನೆಯಲ್ಲಿ ನಡೆದಿತ್ತಲ್ಲ, ಮತ್ತೆ ಅವಳ ಕಾವಲಿನಲ್ಲೇ. ಮಗುವನ್ನು ನಡುಮನೆಗೆ ಒಯ್ದರು, ಪೌಡರ್ ಹಾಲಿನ ಹೊಸ ಡಬ್ಬಿ ಬಂತು. ನನ್ನ ತೋಳಿಗೆ ಮಂತ್ರಿಸಿದ ಅಂತ್ರ ಕಟ್ಟಿದರು. ಎದೆಯಲ್ಲಿ ಹಾಲು ಕಟ್ಟಿ ಕಲ್ಲಾಯಿತು, ಗೋಡೆಯಾಚೆ ಮಗು ಅತ್ತರೆ ಸಾಕು ತಾನಾಗಿ ಸುರಿಯುತ್ತಿತ್ತು. ಆಗ ಅವ್ವ ನಂಜನಗೂಡಿನಿಂದ ನಾಲ್ಕು ಮಾರು ಮಲ್ಲಿಗೆ ತರಿಸಿದಳು. ಮಲ್ಲಿಗೆ ಕಟ್ಟಿದರೆ ಹಾಲು ಬತ್ತುತ್ತದೆ. ಹೂವಿನ ದಂಡೆಯನ್ನು ನನ್ನ ಎರಡೂ ಎದೆಗೆ ಸುತ್ತಿ, ಮೇಲೆ ಹಳೇ ಪಂಚೆ ಬಿಗಿದು ಕಟ್ಟಿದಳು. ಬೆಳಗ್ಗೆ ಬಿಚ್ಚಿದರೆ ಹೂವು ಬೆಂದು ಕಂದು ಬಣ್ಣಕ್ಕೆ ತಿರುಗಿರುತ್ತಿತ್ತು. ಮತ್ತೆ ಹೊಸ ಹೂವು. ತಿಂಗಳಿಡೀ ಸೊಪ್ಪು, ಬೇರು, ಕಾಳು, ಮಾತ್ರೆ ಎಂದು ಏನೆಲ್ಲ ಹಾಕಿ ತಂದ ಹಾಲನ್ನು ಅದೇ ಕೈಗಳು ಎಂಟು ದಿನದಲ್ಲಿ ಬತ್ತಿಸಿದವು. "ಇಷ್ಟು ಆಲು ಇತ್ತಲ್ಲೇ ನಿಂಗೆ" ಎಂದು ಅವ್ವ ಹೂ ಬಿಚ್ಚುತ್ತಾ ಅತ್ತಳು. ನಾನು ಅಳಲಿಲ್ಲ. ಅವಳ ಕಣ್ಣೀರನ್ನು ನೋಡಿಯೂ ಕರಗದಷ್ಟು ಆವತ್ತೇ ನನ್ನೊಳಗೆ ಏನೋ ಒಣಗಿತು.

ಹಾಲೇ ಬೇಡ ಅಂದ ಮೇಲೆ ಮಾತ್ರೆ ಯಾಕೆ, ಅದನ್ನೂ ನಿಲ್ಲಿಸಿದ್ದರು. ನಿಲ್ಲಿಸಿದ ನಾಲ್ಕೈದು ದಿನಕ್ಕೆ ಕಾಲಿನ ಇರುವೆ ಹೋಯಿತು, ನಿದ್ದೆ ಬಂತು, ಅಳು ಕಡಿಮೆಯಾಯಿತು. ಅಂತ್ರ ಕೆಲಸ ಮಾಡಿತು ಅಂದರು. ನೀರು ಬಿಗಿ ಹಿಡಿದದ್ದಕ್ಕೇ ಉಳಿದಳು ಅಂದರು. ಮೂರು ತಿಂಗಳು ತುಂಬಿ ಗಂಡನ ಮನೆಗೆ ಹೊರಟಾಗ ಮಡಿಲಲ್ಲಿ ಮಗು ಇತ್ತು, ಬ್ಯಾಗಿನಲ್ಲಿ ಎರಡು ಬಾಟಲಿ. ಮಗುವಿಗೆ ಸಿಂಚನ ಎಂದು ಹೆಸರಿಟ್ಟೆ. ನೀರು ಚಿಮುಕಿಸುವುದು ಅಂತ ಅರ್ಥ. ಯಾರಿಗೂ ಅರ್ಥವಾಗಲಿಲ್ಲ, ಚೆನ್ನಾಗಿದೆ ಅಂದರು.

ಸಿಂಚನ ಬಾಟಲಿಯಲ್ಲೇ ಬೆಳೆದಳು, ಚೆನ್ನಾಗಿಯೇ ಬೆಳೆದಳು. ಈಗ ನನ್ನ ಭುಜಕ್ಕೆ ಬರುತ್ತಾಳೆ. ಎರಡು ವರ್ಷದ ಹಿಂದೆ ನನಗೇ ವಾಂತಿಯಾಗಿ ಮಾತ್ರೆ ತರಿಸಿದಾಗ, ಮಾತ್ರೆಯ ಹಾಳೆಯ ಮೇಲಿನ ಹೆಸರು ಓದಿದೆ. ಅದೇ ಮಾತ್ರೆ. ನುಂಗದೆ ಅದನ್ನು ಹಿಡಿದುಕೊಂಡು ಡಾಕ್ಟರಮ್ಮನ ಹತ್ತಿರ ಹೋಗಿ ಹಳೆಯದೆಲ್ಲ ಹೇಳಿದೆ. ಅವರು ಕನ್ನಡಕ ತೆಗೆದಿಟ್ಟು ಪೂರ್ತಿ ಕೇಳಿದರು. "ಕೆಲವರಿಗೆ ಇದು ಆಗಿಬರಲ್ಲಮ್ಮ. ಕೂತಲ್ಲಿ ಕೂರಕ್ಕೆ ಬಿಡಲ್ಲ, ಮನಸ್ಸೂ ಕುಗ್ಗಿಬಿಡುತ್ತೆ. ನಿಮಗೆ ಇದರಿಂದಲೇ ಆಯಿತು ಅಂತ ಇಷ್ಟು ವರ್ಷದ ಮೇಲೆ ನಾನು ಹೇಳಕ್ಕಾಗಲ್ಲ. ನಿದ್ದೆ ಇಲ್ಲ, ನೀರಿಲ್ಲ, ಸೆಕೆ ಬೇರೆ. ಎಲ್ಲ ಸೇರಿರಬಹುದು. ಡಾಕ್ಟರನ್ನ ಕೇಳದೆ ಬಾಣಂತಿಗೆ ಇದನ್ನ ಕೊಡಬಾರದಿತ್ತು, ಅಷ್ಟಂತೂ ನಿಜ" ಅಂದರು. ನೀರು ಕುಡಿದದ್ದು ತಪ್ಪೇ ಎಂದು ಕೇಳಿದೆ. "ಬಾಯಾರಿದರೆ ನೀರು ಕುಡಿಯೋದು ತಪ್ಪೇನಮ್ಮ?" ಅಂದರು. ಇಷ್ಟು ಸಣ್ಣ ಮಾತನ್ನು ಕೇಳಲು ನನಗೆ ಹತ್ತು ವರ್ಷ ಬೇಕಾಯಿತು. ಮನೆಗೆ ಬಂದವಳೇ ಅವ್ವನಿಗೆ ಫೋನಿನಲ್ಲಿ ಎಲ್ಲ ಹೇಳಿದೆ. "ಊಂ" ಅಂದಳು, "ಈಗ್ಯಾಕವ್ವ ಅದೆಲ್ಲ" ಅಂದಳು.

ಹೆಡತಲೆಯಲ್ಲಿ ಇಳಿದಾಗ ಬಿಸಿಲು ನೆತ್ತಿ ದಾಟಿತ್ತು. ಅದೇ ಹಿಂದಿನ ಕೋಣೆ, ಅದೇ ಮಂಚ. ಕಿಟಕಿಗೆ ಗೋಣಿಚೀಲದ ಬದಲು ಈಗ ಪ್ಲಾಸ್ಟಿಕ್ ಶೀಟು. ಚಂದ್ರಿಯ ತುಟಿ ಸಿಪ್ಪೆ ಎದ್ದಿತ್ತು. ನನ್ನನ್ನು ನೋಡಿ ನಕ್ಕಳು, ನಗುವಾಗ ತುಟಿ ಸೀಳಿ ರಕ್ತದ ಗೆರೆ ಕಂಡಿತು. ನಾನು ಸೊಪ್ಪನ್ನು ಅಲ್ಲೇ ಇಟ್ಟು ಅಡುಗೆಮನೆಗೆ ಹೋಗಿ ಒಂದು ಚೊಂಬು ನೀರು ತಂದೆ.

"ಕುಡಿ" ಅಂದೆ.

ಅವಳು ಚೊಂಬನ್ನು ನೋಡಿದಳು. ಗಂಟಲು ಆಡಿತು. ಆದರೆ ಕೈ ಚಾಚಲಿಲ್ಲ. "ಬೇಡ ಕಣಕ್ಕ. ನೀನು ತೊಟ್ಟಿ ನೀರು ಕುಡ್ದೇ ಅಲ್ವಾ ಅಂಗಾಗಿದ್ದು? ನಾನೇ ಕಣ್ಣಾರೆ ನೋಡಿದ್ನಲ್ಲ. ನಂಗೆ ಭಯ ಆಯ್ತದೆ."

ನಾನು ಚೊಂಬನ್ನು ಮಂಚದ ಪಕ್ಕ ಇಟ್ಟು ಕೂತೆ. ಅವ್ವ ನನಗೆ ಚಿಕ್ಕವ್ವ ನಾಗಿಯ ಕತೆ ಹೇಳಿದ್ದಳು. ಚಂದ್ರಿಗೆ ಹೇಳಲು ಅವಳಿಗೆ ಹೊಸ ಕತೆ ಸಿಕ್ಕಿತ್ತು. ಅದು ನಾನು.

ದಿಂಬು ಸರಿಸಿದಾಗ ಕೈಗೆ ಮಾತ್ರೆಯ ಹಾಳೆ ಸಿಕ್ಕಿತು. ಎರಡು ಮಾತ್ರೆ ಖಾಲಿಯಾಗಿದ್ದವು. ಹೆಸರು ಓದಬೇಕಾಗಿರಲಿಲ್ಲ, ಆದರೂ ಓದಿದೆ. "ಇದ್ಯಾರೇ ತಂದದ್ದು?"

"ನಮ್ಮನೆಯವ್ರು ನಿನ್ನೆ ತಂದ್ರು. ನಿಂಗೂ ಇದ್ರಲ್ಲೇ ಅಂತಲ್ಲ ಹಾಲು ಬಂದಿದ್ದು? ಅವ್ವನೇ ಹೆಸರು ಹೇಳಿ ತರ್ಸಿದ್ದು."

ಹನ್ನೆರಡು ವರ್ಷದ ಹಿಂದಿನ ಹೆಸರನ್ನು ಅವ್ವ ನೆನಪಿಟ್ಟುಕೊಂಡಿದ್ದಳು, ಮಂತ್ರದ ಹಾಗೆ. ನನಗೆ ಆದದ್ದರಲ್ಲಿ ಒಳ್ಳೆಯದೆಲ್ಲ ಮಾತ್ರೆಗೆ, ಕೆಟ್ಟದ್ದೆಲ್ಲ ನೀರಿಗೆ ಬರೆದುಕೊಂಡಿದ್ದಾಳೆ. ನಾನು ಚಂದ್ರಿಯ ಕೈ ಹಿಡಿದು ಡಾಕ್ಟರಮ್ಮ ಹೇಳಿದ್ದನ್ನು ಒಂದೂ ಬಿಡದೆ ಹೇಳಿದೆ. ಮಗುವನ್ನು ಪಕ್ಕದಲ್ಲೇ ಮಲಗಿಸಿಕೊ, ಅತ್ತಾಗಲೆಲ್ಲ ಎದೆಗೆ ಹಾಕಿಕೊ, ನೀರು ಕುಡಿ, ಈ ಮಾತ್ರೆ ಮುಟ್ಟಬೇಡ, ನಾಳೆ ನಾನೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇನೆ ಅಂದೆ. ಹೇಳುತ್ತಾ ಹೇಳುತ್ತಾ ಧ್ವನಿ ಏರಿತು. ಎದ್ದು ನಿಂತಿದ್ದೆ, ಕೋಣೆಯಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದೆ. ಚಂದ್ರಿ ನನ್ನ ಮುಖ ನೋಡುತ್ತಿರಲಿಲ್ಲ. ನನ್ನ ಕಾಲು ನೋಡುತ್ತಿದ್ದಳು.

ಅವ್ವ ಬಾಗಿಲಲ್ಲಿ ಬಂದು ನಿಂತಿದ್ದಳು. ಮಂಚದ ಪಕ್ಕದಿಂದ ಚೊಂಬನ್ನು ಎತ್ತಿ ನನ್ನ ಕೈಗೆ ಕೊಟ್ಟಳು. ಮೆತ್ತಗೆ, ಪ್ರೀತಿಯಿಂದಲೇ ಚಂದ್ರಿಗೆ ಹೇಳಿದಳು, "ಅಕ್ಕನ ಮಾತು ಮನ್ಸಿಗಾಕ್ಕೋಬ್ಯಾಡ ಕನ್ ಮಗ. ಒಂದ್ಸಲ ಸನ್ನಿ ಬಂದವ್ರ್ಗೆ ಅದು ಪೂರ್ತಿ ಬುಟ್ಟೋಗಕಿಲ್ಲ."

ಮಾತ್ರೆಯ ಹಾಳೆಯನ್ನು ಬ್ಯಾಗಿಗೆ ಹಾಕಿಕೊಂಡೆ. ಅವರು ಇನ್ನೊಂದು ಹಾಳೆ ತರಿಸಿಕೊಳ್ಳುತ್ತಾರೆ ಎಂದು ಗೊತ್ತಿತ್ತು. ಚೊಂಬು ಹಿಡಿದು ಹಿತ್ತಲಿಗೆ ಬಂದೆ. ಅಪ್ಪ ಕೊಟ್ಟಿಗೆಯ ಮುಂದೆ ಪೈಪು ಹಿಡಿದು ತೊಟ್ಟಿ ತುಂಬಿಸುತ್ತಿದ್ದ. ಕರು ಹಾಕಿ ವಾರವಾಗಿದ್ದ ಹಸುವೊಂದು ಅರ್ಧ ಕುಡಿದು ತಲೆಯೆತ್ತಿತು. ಅಪ್ಪ ಅದರ ಕತ್ತು ಸವರಿ, ತೊಟ್ಟಿಯ ಕಡೆಗೆ ಮೆಲ್ಲಗೆ ಬಗ್ಗಿಸಿದ.

"ಕುಡಿಯವ್ವ" ಅನ್ನುತ್ತಿದ್ದ, "ಇನ್ನೊಂದೀಟು ಕುಡಿ. ಈಗ ಕುಡೀದೆ ಇನ್ಯಾವಾಗ ಕುಡ್ದೀಯೇ, ಬಾಣ್ತಿ ನೀನು."